ಸಂಕಮ್ಮನ ಜೇನೂ ದೊಡ್ಡ ಗಡಿಗೆಯೂ

ಮಕ್ಕಳೇ, ಎಲ್ಲಿ ನೋಡಿದರೂ ಬಂಡೆಗಳೇ ಕಾಣುವ ಒಂದು ಕುರುಚಲು ಕಾಡಿತ್ತು. ಅದರ ನಡುವೆ ಒಂದು ಹೊಂಡ. ಕಡುಬೇಸಿಗೆಯಲ್ಲೂ ಬತ್ತದ ಹೊಂಡವಾದ್ದರಿಂದ ಕಾಡಿನವರೆಲ್ಲ ನೀರಿಗೆ ಅಲ್ಲಿಗೇ ಬರಬೇಕು. ಆ ಹೊಂಡದ ದಂಡೆಯಲ್ಲಿ, ಒಂದು ಚಪ್ಪಡಿ ಬಂಡೆಯ ನೆರಳಲ್ಲಿ, ಕರಡಿ ಸಂಕಮ್ಮ ಜೇನಿನ ಅಂಗಡಿ ಇಟ್ಟಿದ್ದಳು.

ಸಂಕಮ್ಮನ ಜೇನೆಂದರೆ ಜೇನು! ಕೋಡುಗಲ್ಲಿನ ತುದಿಗೆ ಹತ್ತಿ, ಹೆಜ್ಜೇನಿನ ಕೈಯಲ್ಲಿ ಕಚ್ಚಿಸಿಕೊಂಡು ತರುತ್ತಿದ್ದಳು. ಕಪ್ಪಗೆ, ಗಟ್ಟಿಯಾಗಿ, ಬೆರಳಿಟ್ಟರೆ ಎಳೆ ಎಳೆಯಾಗಿ ಇಳಿಯುವ ಜೇನು. ಅದನ್ನು ಜೇಡಿಮಣ್ಣಿನ ದೊಡ್ಡ ಗಡಿಗೆಗಳಲ್ಲಿ ತುಂಬಿಡುತ್ತಿದ್ದಳು. ಆ ಕಾಡಿನಲ್ಲಿ ದುಡ್ಡು ಎಂಬುದಿರಲಿಲ್ಲ. ಜೇನು ಬೇಕಾದವರು ಗೆಡ್ಡೆ, ಕಾರೆಹಣ್ಣು, ಬಾರೆಹಣ್ಣು ತಂದು ಕೊಡುವರು. ಸಂಕಮ್ಮನೂ ಅವಳ ಎರಡು ಮರಿಗಳೂ ಅದರಲ್ಲೇ ಹೊಟ್ಟೆ ಹೊರೆಯುವರು.

ಕೆಲಸದಲ್ಲಿ ಸಂಕಮ್ಮನನ್ನು ಮೀರಿಸುವವರಿರಲಿಲ್ಲ. ಆದರೆ ಒಂದು ಕೊರತೆ ಇತ್ತು. ಯಾರಾದರೂ ಒಂದು ಮಾತು ಹೇಳಹೊರಟರೆ ಅವಳ ಮೂಗು ಮೇಲೇರಿಬಿಡುತ್ತಿತ್ತು.

ಒಂದು ದಿನ ಮೊಲ ನೀಲಮ್ಮ ಬಂದು, "ಸಂಕಮ್ಮಕ್ಕಾ, ಇದಕ್ಕಿಂತ ಚಿಕ್ಕ ಗಡಿಗೆ ಇಲ್ಲವಾ?" ಎಂದು ಕೇಳಿದಳು.

"ಚಿಕ್ಕದಾ? ನಾನೇನು ಕೈ ಬಿಗಿ ಹಿಡಿಯುವವಳಾ? ಕೊಟ್ಟರೆ ಗಡಿಗೆ ತುಂಬಾ ಕೊಡುವವಳು ನಾನು!"

"ಹಾಗಲ್ಲ ಅಕ್ಕಾ, ನಾನು..."

"ಜೇನು ಚೆನ್ನಾಗಿದೆಯೋ ಇಲ್ಲವೋ? ಅಷ್ಟು ಹೇಳು."

"ಚೆನ್ನಾಗಿದೆ."

"ಮತ್ತಿನ್ನೇನು?"

ನೀಲಮ್ಮ ಕಿವಿ ಇಳಿಬಿಟ್ಟುಕೊಂಡು ಹೊರಟುಹೋದಳು. ಇನ್ನೊಂದು ದಿನ ಮುಳ್ಳುಹಂದಿ ಗವಿಯಪ್ಪ, "ಗಡಿಗೆಗೆ ಮುಚ್ಚಳ ಇಲ್ಲವಲ್ಲ ಸಂಕಮ್ಮಾ, ಮನೆ ಮುಟ್ಟುವುದರಲ್ಲಿ ಇರುವೆ ಮುತ್ತಿರುತ್ತವೆ" ಎಂದ.

"ಇರುವೆ ಬಂದರೆ ಇರುವೆಗಳನ್ನು ಕೇಳು. ನನ್ನನ್ನು ಯಾಕೆ ಕೇಳುತ್ತೀ?" ಎಂದಳು ಸಂಕಮ್ಮ. ಗವಿಯಪ್ಪ ಮುಳ್ಳು ಜಾಡಿಸಿಕೊಂಡು ಹೋದವನು ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ಹೀಗಿರುವಾಗ ಹೊಂಡದ ಆಚೆ ದಂಡೆಯಲ್ಲಿ ಕರಿಮೂತಿಯ ಕೋತಿ, ಮುಸುವ ಕೊಟ್ರಪ್ಪ, ಹೊಸ ಅಂಗಡಿ ತೆರೆದ. ಅವನದೂ ಜೇನೇ. ಪೊದೆಗಳಲ್ಲಿ ಸಿಗುವ ಕೋಲುಜೇನು. ನೀರಿನಂತೆ ತೆಳು, ಬಣ್ಣವೂ ತಿಳಿ. ಅದನ್ನು ಬಿದಿರಿನ ಸಣ್ಣ ಅಂಡೆಗಳಲ್ಲಿ ತುಂಬಿ, ಎಲೆ ಸುತ್ತಿ ಬಿರಡೆ ಹಾಕಿ, ನಾರಿನ ದಾರ ಕಟ್ಟಿ ಕೊಡುತ್ತಿದ್ದ. ಅಂಗಡಿಯ ಮುಂದೆ ಅಂದಕ್ಕೆಂದು ನಾಲ್ಕು ನವಿಲುಗರಿ ಸಿಕ್ಕಿಸಿದ್ದ.

ದಿನ ಕಳೆದಂತೆ ಈಚೆ ದಂಡೆ ಬಿಕೋ ಎನ್ನತೊಡಗಿತು. ಆಚೆ ದಂಡೆಯಲ್ಲಿ ಮಾತು, ನಗು. ಸಂಕಮ್ಮ ತಡೆಯಲಾರದೆ ಒಂದು ದಿನ ಕೊಟ್ರಪ್ಪನ ಅಂಗಡಿಯ ಕಲ್ಲಿನ ಮೇಲೆ ಚೆಲ್ಲಿದ್ದ ಜೇನನ್ನು ನೆಕ್ಕಿ ನೋಡಿದಳು.

"ಥೂ! ಇದೂ ಒಂದು ಜೇನಾ? ಈ ಕಾಡಿನವರಿಗೆ ನಾಲಿಗೆಯೇ ಇಲ್ಲ. ನವಿಲುಗರಿ ನೋಡಿ ಮರುಳಾಗಿದ್ದಾರೆ" ಎಂದುಕೊಂಡಳು.

ಮರುದಿನವೇ ಅವಳ ಬಂಡೆಯ ತುಂಬ ನವಿಲುಗರಿಗಳು ಬಂದವು. ಗಿರಾಕಿಗಳು ಮಾತ್ರ ಬರಲಿಲ್ಲ. ಗಾಳಿಗೆ ಹಾರಿದ ಗರಿಗಳು ಜೇನಿಗೆ ಮೆತ್ತಿಕೊಂಡದ್ದೇ ಬಂತು.

ಗೆಡ್ಡೆ ಇಲ್ಲ, ಹಣ್ಣಿಲ್ಲ. ಸಂಕಮ್ಮ ಮರಿಗಳ ಮುಂದೆ ಜೇನನ್ನೇ ಇಟ್ಟಳು.

"ಅಮ್ಮಾ, ಇವತ್ತೂ ಜೇನೇನಾ?" ಎಂದಿತು ದೊಡ್ಡ ಮರಿ.

ಚಿಕ್ಕದು ಮುಖ ತಿರುಗಿಸಿ, ಅಳುತ್ತಲೇ ನಿದ್ದೆ ಹೋಯಿತು. ಸಂಕಮ್ಮ ಅದರ ಕಣ್ಣೊರೆಸಿ ಪಕ್ಕದಲ್ಲೇ ಕೂತಳು. ಮಳೆಗಾಲ ಹತ್ತಿರ ಬರುತ್ತಿತ್ತು. ಆಗ ಹೊಟ್ಟೆಗೇನು? ಕೂತು ಕೂತು ಅವಳೊಂದು ಉಪಾಯ ಹೂಡಿದಳು. ಬೆಳಿಗ್ಗೆ ಬಂಡೆಯ ಮೇಲೆ ನಿಂತು ಕೂಗಿದಳು:

"ಕೇಳಿರಪ್ಪೋ! ಒಂದು ಗಡಿಗೆ ಒಯ್ದರೆ ಇನ್ನೊಂದು ಗಡಿಗೆ ಪುಕ್ಕಟೆ! ಮೊದಲಿನದಕ್ಕಿಂತ ದೊಡ್ಡ ಗಡಿಗೆ!"

ಬಂದವಳು ಒಬ್ಬಳೇ, ಮೊಲ ನೀಲಮ್ಮ. ಅವಳ ಮುಖ ಬಾಡಿತ್ತು. ತಂದಿದ್ದ ಗೆಡ್ಡೆಗಳನ್ನು ಕೆಳಗಿಟ್ಟು ಗಡಿಗೆಗೆ ಕೈ ಹಾಕಿದಳು. ಗಡಿಗೆ ಅವಳ ಎದೆಮಟ್ಟಕ್ಕಿತ್ತು. ಎತ್ತಲು ನೋಡಿದಳು, ಆಗಲಿಲ್ಲ. ಬೆನ್ನು ಕೊಟ್ಟು ಮೆಲ್ಲಗೆ ದೂಡತೊಡಗಿದಳು.

"ಇನ್ನೊಂದೂ ನಿನ್ನದೇ ನೀಲಮ್ಮಾ!" ಎಂದು ಸಂಕಮ್ಮ ಹಿಂದಿನಿಂದ ಕೂಗಿದಳು.

ಇಳಿಜಾರು ಬಂತು. ಗಡಿಗೆ ನೀಲಮ್ಮನ ಹಿಡಿತ ತಪ್ಪಿ ಉರುಳಿತು. ಅದನ್ನು ತಡೆಯಲು ಅವಳು ಮುಂದೆ ಹಾರಿದಳು. ಗಡಿಗೆ ಕಲ್ಲಿಗೆ ಬಡಿದು ಫಟ್ಟೆಂದು ಒಡೆಯಿತು. ನೋಡಿದರೆ ನೀಲಮ್ಮ ಜೇನಿನ ಮಡುವಿನಲ್ಲಿ! ಎರಡು ಕಿವಿಗಳೂ ಬೆನ್ನಿಗೆ ಅಂಟಿಕೊಂಡಿವೆ, ಕಾಲು ಕೀಳಲು ಬರುತ್ತಿಲ್ಲ, ಕೆಂಪಿರುವೆಗಳು ಆಗಲೇ ಸಾಲುಗಟ್ಟಿ ಹೊರಟಿವೆ.

ಸಂಕಮ್ಮ ಓಡಿ ಬಂದು ಅವಳನ್ನು ಎತ್ತಿಕೊಂಡು ಹೊಂಡದ ನೀರಿಗಿಳಿಸಿ ತೊಳೆದಳು. ನೀಲಮ್ಮ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು.

"ಪೆಟ್ಟಾಯಿತಾ?"

"ಪೆಟ್ಟಿಗಲ್ಲ ಅಕ್ಕಾ. ನನ್ನ ಮರಿಗೆ ಕೆಮ್ಮು. ಉಸಿರಾಡಲೂ ಬಿಡುತ್ತಿಲ್ಲ. ಒಂದು ನೆಕ್ಕು ಜೇನು ಸಿಕ್ಕರೆ ಸಾಕಿತ್ತು."

ಸಂಕಮ್ಮನಿಗೆ ಅರ್ಥವಾಗಲಿಲ್ಲ. "ಒಂದೇ ನೆಕ್ಕಾ? ಹಾಗಾದರೆ ಕೊಟ್ರಪ್ಪನ ಹತ್ತಿರ ಸಣ್ಣ ಅಂಡೆ ಇದೆಯಲ್ಲ?"

"ಅದನ್ನೂ ಕೊಟ್ಟು ನೋಡಿದೆ. ಗಂಟಲಲ್ಲಿ ನಿಲ್ಲದೆ ಇಳಿದುಹೋಗುತ್ತದೆ. ಈ ಕೆಮ್ಮಿಗೆ ನಿನ್ನ ಗಟ್ಟಿ ಜೇನೇ ಆಗಬೇಕು. ಅವತ್ತು ಚಿಕ್ಕ ಗಡಿಗೆ ಕೇಳಿದ್ದೂ ಅದಕ್ಕೇ. ನಿನ್ನದು ನನಗೆ ಹೊರಲಾಗುವುದಿಲ್ಲ ಅಕ್ಕಾ."

ಸಂಕಮ್ಮ ನೀರಿನಲ್ಲೇ ನಿಂತುಬಿಟ್ಟಳು. ಇವರಿಗೆ ನಾಲಿಗೆ ಇಲ್ಲವೆಂದು ಬೈದುಕೊಂಡಿದ್ದೆನಲ್ಲ! ಬೇಕಿದ್ದದ್ದು ನನ್ನ ಜೇನೇ. ನಾನೇ ಅದನ್ನು ಅವರ ಕೈಗೆ ಎಟುಕದಂತೆ ಇಟ್ಟುಕೊಂಡು ಕೂತಿದ್ದೆ.

ಅವಳು ದಂಡೆಗೆ ಹತ್ತಿದಳು. ಮುತ್ತುಗದ ಎಲೆಯಲ್ಲಿ ದೊನ್ನೆ ಮಾಡಿ ಜೇನು ತುಂಬಿಕೊಂಡು, ನೀಲಮ್ಮನನ್ನು ಹೆಗಲ ಮೇಲೆ ಕೂರಿಸಿಕೊಂಡು, ಅವಳ ಬಿಲದ ಕಡೆ ದಾಪುಗಾಲು ಹಾಕಿದಳು. ಬಿಲದೊಳಗೆ ಸಂಕಮ್ಮನ ಮೂತಿ ಮಾತ್ರ ಹಿಡಿಸಿತು. ನೀಲಮ್ಮ ಬೆರಳ ತುದಿಯಲ್ಲಿ ಜೇನು ತೆಗೆದು ಮರಿಯ ನಾಲಿಗೆಗೆ ಸವರಿದಳು. ಸ್ವಲ್ಪ ಹೊತ್ತಿಗೆ ಇನ್ನೊಮ್ಮೆ ಸವರಿದಳು. ಕೆಮ್ಮು ಒಂದಿಷ್ಟು ತಗ್ಗಿತು. ಹೊತ್ತು ಇಳಿಯುವಷ್ಟರಲ್ಲಿ ಮರಿ ತಾಯಿಯ ಮಡಿಲಲ್ಲಿ ನಿದ್ದೆ ಹೋಯಿತು. ಅಲ್ಲಿಯವರೆಗೂ ಸಂಕಮ್ಮ ಬಿಲದ ಬಾಯಲ್ಲೇ ಕೂತಿದ್ದಳು.

ಹಿಂತಿರುಗುವಾಗ ಅವಳು ನೇರ ಅಂಗಡಿಗೆ ಹೋಗಲಿಲ್ಲ. ಗವಿಯಪ್ಪನ ಗವಿಯ ಮುಂದೆ ನಿಂತು, "ಗವಿಯಪ್ಪ ಮಾವಾ, ನೀನು ಜೇನು ಕೊಳ್ಳುತ್ತಿದ್ದೆಯಲ್ಲ, ಯಾತಕ್ಕೆ?" ಎಂದು ಕೇಳಿದಳು.

ಗವಿಯಪ್ಪ ಒಂದೊಂದೇ ಮುಳ್ಳು ನಿಮಿರಿಸಿದ. "ಹೇಳಿದರೆ ಬೈಯುತ್ತೀ."

"ಬೈಯುವುದಿಲ್ಲ. ಇಲ್ಲೇ ಕೂತು ಕೇಳುತ್ತೇನೆ."

ಅವಳು ನಿಜವಾಗಿಯೂ ಕೂತಳು. ಗವಿಯಪ್ಪ ತನ್ನ ಅಂಗಾಲು ತೋರಿಸಿದ. "ವಯಸ್ಸಾಯಿತು. ಕಾಲು ಒಡೆಯುತ್ತದೆ. ನಿನ್ನ ಜೇನು ಹಚ್ಚಿದರೆ ಉರಿ ಕಡಿಮೆ. ಇರುವೆ ಮುತ್ತಿದ ಜೇನನ್ನು ಒಡೆದ ಕಾಲಿಗೆ ಹಚ್ಚಲಾಗುತ್ತದೆಯೇ, ನೀನೇ ಹೇಳು!"

ಸಂಕಮ್ಮನಿಗೆ ನಗು ಬಂತು, ನಾಚಿಕೆಯೂ ಆಯಿತು. ಅಲ್ಲಿಂದ ಅವಳು ಮನೆ ಮನೆಗೂ ಹೋದಳು. ಕೊಟ್ಟ ಜೇನು ಒಂದೇ ಆದರೂ ಕೊಳ್ಳುವವರ ಕಾರಣ ಒಂದೇ ಆಗಿರಲಿಲ್ಲ. ಅಳಿಲಿಗೆ ನೆಂಟರು ಬಂದಾಗ ಕಾಯಿಪಲ್ಯದ ಜೊತೆ ಬಡಿಸಲು ಬೇಕು. ಕಾಡುಕೋಳಿಯ ಮರಿಗಳಿಗೆ ಬಿಸಿಲಲ್ಲಿ ಸಿಹಿನೀರು ಕುಡಿಯುವ ಆಸೆ. ಗಟ್ಟಿ ಜೇನು ನೀರಲ್ಲಿ ಬೇಗ ಕರಗುವುದಿಲ್ಲ, ಅವಕ್ಕೆ ಕೊಟ್ರಪ್ಪನ ತೆಳು ಜೇನೇ ಸರಿ. ಹುಲ್ಲೆಯಂತೂ, "ನನಗೆ ಜೇನು ಬೇಕೇ ಇಲ್ಲ ಸಂಕಮ್ಮಾ. ಕೊಟ್ರಪ್ಪ ಬಾ ಕೂತುಕೋ ಎನ್ನುತ್ತಾನೆ, ಅದಕ್ಕೆ ಹೋಗುತ್ತೇನೆ. ಹೋದಮೇಲೆ ಬರಿಗೈಲಿ ಬರುವುದು ಹೇಗೆ ಎಂದು ಒಂದು ಅಂಡೆ ತರುತ್ತೇನೆ" ಎಂದು ನಕ್ಕಿತು.

ಕೊನೆಗೆ ಸಂಕಮ್ಮ ಕೊಟ್ರಪ್ಪನ ಅಂಗಡಿಯ ಮುಂದೆಯೇ ಬಂದು ನಿಂತಳು. ಮುಸುವ ಗಾಬರಿಯಿಂದ ಕೊಂಬೆಗೆ ಜಿಗಿದ.

"ಇಳಿದು ಬಾ ತಮ್ಮಾ. ಜಗಳಕ್ಕೆ ಬಂದಿಲ್ಲ. ಈ ಬಿದಿರಿನ ಅಂಡೆ ಕೊರೆಯುವುದು ಹೇಗೆಂದು ಹೇಳಿಕೊಡುತ್ತೀಯಾ? ನಿನ್ನ ಗಿರಾಕಿಗಳು ಕಡಿಮೆಯಾಗಬಹುದು. ಅದು ಗೊತ್ತಿದ್ದೇ ಕೇಳುತ್ತಿದ್ದೇನೆ."

ಕೊಟ್ರಪ್ಪ ತಲೆ ಕೆರೆದುಕೊಂಡು ಇಳಿದು ಬಂದ. "ಅಕ್ಕಾ, ಒಳ್ಳೆಯ ಹೊತ್ತಿಗೆ ಬಂದೆ. ಕೆಮ್ಮು ಎಂದು ಬರುತ್ತಾರೆ, ಗಾಯ ಎಂದು ಬರುತ್ತಾರೆ. ನನ್ನ ಜೇನಿನಿಂದ ಆಗುವುದಿಲ್ಲವೆಂದು ಗೊತ್ತಿದ್ದೂ ಕೊಟ್ಟು ಕಳಿಸಬೇಕು. ಅವರು ಮಾರನೆಯ ದಿನ ಮುಖ ಸಣ್ಣ ಮಾಡಿಕೊಂಡು ಬಂದರೆ ನನಗೆ ಊಟ ಸೇರುವುದಿಲ್ಲ. ಇನ್ನುಮೇಲೆ ಅವರನ್ನು ನಿನ್ನ ಹತ್ತಿರ ಕಳಿಸಲಾ?"

"ಕಳಿಸು. ಸಿಹಿನೀರಿಗೆ ಬೇಕೆಂದು ಬಂದವರನ್ನು ನಾನು ನಿನ್ನ ಹತ್ತಿರ ಕಳಿಸುತ್ತೇನೆ."

ಅಂದಿನಿಂದ ಸಂಕಮ್ಮನ ಬಂಡೆಯ ಮೇಲೆ ಬಿದಿರಿನ ಅಂಡೆಗಳೂ ಎಲೆಯ ದೊನ್ನೆಗಳೂ ಬಂದವು. ಮೊಲಕ್ಕೆ ಹೊರಲಾಗುವಷ್ಟು, ಅಳಿಲಿಗೆ ಹೊರಲಾಗುವಷ್ಟು, ಗಾಯಕ್ಕೆ ಹಚ್ಚಲು ಇಷ್ಟೇ ಇಷ್ಟು. ಎಲ್ಲಕ್ಕೂ ಬಿಗಿಯಾದ ಬಿರಡೆ. ಯಾರು ಬಂದರೂ ಸಂಕಮ್ಮ ಮೊದಲು, "ಬಾ, ಕೂತುಕೋ. ಯಾತಕ್ಕೆ ಬೇಕಿತ್ತು?" ಎನ್ನುವಳು. ಗವಿಯಪ್ಪ ಬಂದು, "ಈ ಬಿರಡೆ ತೀರಾ ಬಿಗಿ, ನನ್ನ ಹಲ್ಲು ಅಲ್ಲಾಡಿತು" ಎಂದು ಗೊಣಗಿದ ದಿನ ಅವಳ ಮೂಗು ಅರ್ಧ ಮೇಲೇರಿದ್ದು ನಿಜ. ಅಲ್ಲಿಗೇ ತಡೆದುಕೊಂಡು, "ಸಡಿಲ ಮಾಡಿಕೊಡುತ್ತೇನೆ ಮಾವಾ" ಎಂದಳು. ಗೆಡ್ಡೆ, ಹಣ್ಣು ಮತ್ತೆ ಮನೆ ತುಂಬಿದವು. ಮರಿಗಳು ಮೈ ಕೈ ತುಂಬಿಕೊಂಡವು.

ಮೊದಲ ಮಳೆ ಬಿದ್ದ ಮಾರನೆಯ ದಿನ ನೀಲಮ್ಮ ಮರಿಯನ್ನು ಕರೆದುಕೊಂಡು ಬಂದಳು. ಮರಿ ಹೊಸ ಹುಲ್ಲಿನ ಮೇಲೆ ಕುಪ್ಪಳಿಸುತ್ತಿತ್ತು. ಸಂಕಮ್ಮ ಅಭ್ಯಾಸದಂತೆ ಸಣ್ಣ ಅಂಡೆಯೊಂದಕ್ಕೆ ಕೈ ಚಾಚಿದಳು.

"ಬೇಡ ಅಕ್ಕಾ. ಕೆಮ್ಮು ಪೂರ್ತಿ ಹೋಯಿತು. ಇನ್ನು ನಮಗೆ ಜೇನು ಬೇಡ. ಅಷ್ಟು ಹೇಳಿಹೋಗೋಣವೆಂದು ಬಂದೆವು. ನಿನ್ನ ಉಪಕಾರ ಮರೆಯುವುದಿಲ್ಲ."

ಅಂಗಡಿಯವಳಿಗೆ ಒಬ್ಬ ಗಿರಾಕಿ ಕಡಿಮೆಯಾದಳು. ಆದರೂ ಸಂಕಮ್ಮನ ಕಣ್ಣಲ್ಲಿ ಸಂತೋಷದ ನೀರು ತುಂಬಿತು.

"ಉಪಕಾರ ಮಾಡಿದವಳು ನೀನು ನೀಲಮ್ಮಾ. ಉಳಿದವರು ಸುಮ್ಮನೆ ಬಿಟ್ಟು ಹೋದರು. ನೀನು ಅಳುತ್ತಲಾದರೂ ನನಗೆ ನಿಜ ಹೇಳಿದೆ. ನೀನು ಹೇಳದಿದ್ದರೆ ನನಗೆ ಯಾವತ್ತೂ ತಿಳಿಯುತ್ತಿರಲಿಲ್ಲ."

ಹಾಗೆಂದು ಆ ದೊಡ್ಡ ಕರಡಿ ನೆಲಕ್ಕೆ ಬಾಗಿ ಪುಟ್ಟ ಮೊಲಕ್ಕೆ ಕೈ ಮುಗಿಯಿತು.

ನೀತಿ: ಕೊಳ್ಳುವವರ ಅಗತ್ಯವನ್ನು ಕೇಳಿ ತಿಳಿದುಕೊಳ್ಳುವುದೇ ಒಳ್ಳೆಯ ವ್ಯಾಪಾರ, ನಮ್ಮ ಕೊರತೆಯನ್ನು ಎದುರಿಗೇ ಹೇಳುವವರು ನಮಗೆ ಉಪಕಾರ ಮಾಡಿದವರು.