ಕೊನೆಯ ಮೂರು ಕಿಲೊ

ಹೊಳೆಯ ದಂಡೆಯಲ್ಲಿ ಒಂದು ಆಶ್ರಮವಿತ್ತು. ಸುತ್ತಲಿನ ಜನ ಅದನ್ನು ಅನ್ನ ಬಿಟ್ಟವರ ಆಶ್ರಮ ಎನ್ನುತ್ತಿದ್ದರು.

ಮೈಭಾರ ಹೊತ್ತವರು, ಸಕ್ಕರೆ ಕಾಯಿಲೆಯವರು ಅಲ್ಲಿಗೆ ಬರುತ್ತಿದ್ದರು. ಬಂದವರು ಅನ್ನ, ಮುದ್ದೆ, ರೊಟ್ಟಿ, ಬೆಲ್ಲ ಬಿಡಬೇಕಿತ್ತು. ಸೊಪ್ಪು, ತರಕಾರಿ, ಮಜ್ಜಿಗೆ, ಕಡಲೆಬೀಜ, ಕೊಬ್ಬರಿ ಉಣ್ಣಬೇಕಿತ್ತು.

ಅವರನ್ನೆಲ್ಲ ನೋಡಿಕೊಳ್ಳುತ್ತಿದ್ದ ಗುರು ನಿಜಗುಣಮ್ಮ. ವಯಸ್ಸಾದವರು, ಮಾತು ಕಡಿಮೆ.

ದಾಕ್ಷಾಯಣಿ ಅವರ ಶಿಷ್ಯೆ. ಮೊದಲು ಬಂದಾಗ ಮೊಣಕಾಲು ಹಿಡಿದುಕೊಂಡು ಮೆಟ್ಟಿಲು ಹತ್ತುತ್ತಿದ್ದವಳು, ಬರಬರುತ್ತಾ ಹೊಳೆಯಿಂದ ತುಂಬಿದ ಕೊಡ ಹೊತ್ತು ತರುವಂತಾದಳು. ಆಮೇಲೆ ಊರಿಗೆ ಮರಳಲಿಲ್ಲ. ಅಡುಗೆಮನೆ ನೋಡಿಕೊಳ್ಳುತ್ತ ಅಲ್ಲೇ ಉಳಿದಳು.

ಹೊಸಬರು ಬಂದಾಗಲೆಲ್ಲ ನಿಜಗುಣಮ್ಮ ಅವಳತ್ತ ಕೈ ತೋರಿಸುತ್ತಿದ್ದರು.

"ದಾಕ್ಷಾಯಣಿಯನ್ನ ನೋಡಿ ಕಲೀರಿ."

ಆ ಮಾತು ಕಿವಿಗೆ ಬಿದ್ದ ದಿನ ಅವಳಿಗೆ ಹಸಿವೇ ಆಗುತ್ತಿರಲಿಲ್ಲ.

ಆದರೆ ಅವಳು ಇಳಿಸಬೇಕಿದ್ದ ಕೊನೆಯ ಮೂರು ಕಿಲೊ ಇಳಿಯಲಿಲ್ಲ.

ಸೋಮವಾರ ಬೆಳಿಗ್ಗೆ ಎಲ್ಲರೂ ಹಜಾರದಲ್ಲಿ ಸೇರಿ, ಒಬ್ಬೊಬ್ಬರಾಗಿ ಮೈತೂಕ ನೋಡುವ ತಕ್ಕಡಿಯ ಮೇಲೆ ನಿಲ್ಲುವುದು ಅಲ್ಲಿನ ಪದ್ಧತಿ. ದಾಕ್ಷಾಯಣಿ ನಿಂತರೆ ಮುಳ್ಳು ಅದೇ ಜಾಗಕ್ಕೆ ಬಂದು ಕೂರುತ್ತಿತ್ತು. ಕೊಬ್ಬರಿ ಬಿಟ್ಟಳು. ಮಜ್ಜಿಗೆಗೆ ನೀರು ಹೆಚ್ಚು ಮಾಡಿದಳು. ದಂಡೆಯ ಉದ್ದಕ್ಕೂ ನಡೆದಳು. ಮುಳ್ಳು ಅಲುಗಲಿಲ್ಲ.

ಹಾಗಿರುವಾಗ ಚೆನ್ನಾಜಿ ಬಂದಳು.

ಚೆನ್ನಾಜಿ ಪೇಟೆಯಲ್ಲಿ ಬಟ್ಟೆ ಹೊಲಿಯುವವಳು. ವಯಸ್ಸಿನಲ್ಲಿ ದಾಕ್ಷಾಯಣಿಗಿಂತ ಚಿಕ್ಕವಳು. ಸಕ್ಕರೆ ಕಾಯಿಲೆ. ಬಲಗಾಲಿನ ಕಿರುಬೆರಳಿಗೆ ಚಪ್ಪಲಿ ಕಚ್ಚಿ ಆದ ಗಾಯ ಎಷ್ಟು ದಿನವಾದರೂ ಮಾಯದೆ ಹುಣ್ಣಾಗಿತ್ತು.

"ಮಿಷಿನ್ನು ತುಳಿಯೋ ಕಾಲು ಅಮ್ಮಾ ಇದು," ಎಂದಳು ಬಂದ ದಿನವೇ. "ಇದೊಂದು ಉಳಿಸಿಕೊಡಿ."

"ಉಳಿಸೋಳು ನಾನಲ್ಲ. ನಿನ್ನ ತಟ್ಟೆ," ಎಂದರು ನಿಜಗುಣಮ್ಮ.

ಚೆನ್ನಾಜಿ ಅಂದಿನಿಂದಲೇ ಅನ್ನ ಬಿಟ್ಟಳು. ಕೊಟ್ಟದ್ದನ್ನು ಉಂಡಳು, ಕೊಡದಿದ್ದುದನ್ನು ಕೇಳಲಿಲ್ಲ. ಉಣ್ಣುವಾಗ ಪಕ್ಕದವರ ಜೊತೆ ನಗುತ್ತ ಮಾತಾಡುತ್ತಿದ್ದಳು. ಸೋಮವಾರದಿಂದ ಸೋಮವಾರಕ್ಕೆ ಅವಳ ತೂಕ ಕೆಳಗಿಳಿಯಿತು. ರಕ್ತದಲ್ಲಿ ಸಕ್ಕರೆ ಇಳಿಯಿತು. ಹುಣ್ಣಿನ ಅಂಚು ಒಣಗತೊಡಗಿತು.

ಒಂದು ದಿನ ಹೊಸಬರು ಬಂದರು. ನಿಜಗುಣಮ್ಮ ಕೈ ತೋರಿಸಿದರು.

"ಚೆನ್ನಾಜಿಯನ್ನ ನೋಡಿ ಕಲೀರಿ."

ದಾಕ್ಷಾಯಣಿ ಅಡುಗೆಮನೆಯ ಬಾಗಿಲಲ್ಲಿ ಸೊಪ್ಪು ಸೋಸುತ್ತ ಕೂತಿದ್ದಳು. ಎಲೆಗಳನ್ನು ಕಸಕ್ಕೆ ಹಾಕಿ, ಕಡ್ಡಿಗಳನ್ನು ಪಾತ್ರೆಗೆ ಹಾಕಿದಳು.

ಅಂದು ಸಂಜೆ ಅವಳು ಗುರುವನ್ನು ಹುಡುಕಿಕೊಂಡು ಹೊಳೆಯ ಮೆಟ್ಟಿಲಿಗೆ ಹೋದಳು.

"ಅಮ್ಮಾ, ನನ್ನ ಮೂರು ಕಿಲೊ ಯಾಕೆ ಇಳೀತಿಲ್ಲ?"

"ನಿನ್ನೆ ಮಧ್ಯಾಹ್ನ ಏನು ಉಂಡೆ?"

"ನಿನ್ನೆ..." ದಾಕ್ಷಾಯಣಿ ಯೋಚಿಸಿದಳು. "ಪಲ್ಯ ಇತ್ತು. ಯಾವುದೋ... ಹೀರೇಕಾಯಿಯೋ, ಹುರುಳಿಕಾಯಿಯೋ. ಸರಿಯಾಗಿ ನೆನಪಿಲ್ಲ."

"ಚೆನ್ನಾಜಿ ಏನು ಉಂಡಳು?"

"ಹೀರೇಕಾಯಿ ಪಲ್ಯ ಎರಡು ಸಲ ಬಡಿಸಿಕೊಂಡಳು. ಒಂದು ಲೋಟ ಮಜ್ಜಿಗೆ. ಕಡಲೆಬೀಜ ಒಂದು ಹಿಡಿ, ಅದರಲ್ಲೂ ಸ್ವಲ್ಪ ಪಕ್ಕದವಳಿಗೆ ಕೊಟ್ಟಳು. ಕೊಬ್ಬರಿ ಚೂರು ಕೊನೆಗೆ ತಿಂದಳು."

ನಿಜಗುಣಮ್ಮ ಕಾಲನ್ನು ನೀರಿಗಿಳಿಬಿಟ್ಟರು.

"ಹಾಗಾದ್ರೆ ನಿನ್ನೆ ನಿನ್ನ ಊಟ ಮಾಡಿದ್ದು ಯಾರು?"

ಗುರು ತನ್ನನ್ನು ಗೇಲಿ ಮಾಡಿದರು ಎಂದುಕೊಂಡಳು ದಾಕ್ಷಾಯಣಿ. ಗೇಲಿಗೆ ಕಾರಣ ಚೆನ್ನಾಜಿ ಎಂದುಕೊಂಡಳು. ಮೆಟ್ಟಿಲು ಹತ್ತುವಾಗ ಎದೆಯ ಕೆಳಗೆ ಏನೋ ಸುಡುತ್ತಿತ್ತು.

ಆಶ್ರಮದ ತೋಟದಲ್ಲಿ ದುಡಿಯುವವರಿಗೆ, ಬಂದುಹೋಗುವ ಯಾತ್ರಿಗಳಿಗೆ ದಿನಾ ಅನ್ನ ಬೇಯುತ್ತಿತ್ತು. ಅನ್ನ ಬಸಿದ ಗಂಜಿ ಒಂದು ಪಾತ್ರೆಯಲ್ಲಿ ಹಸುಗಳಿಗೆಂದು ಇರುತ್ತಿತ್ತು.

ಮರುದಿನ ದಾಕ್ಷಾಯಣಿ ಎಲ್ಲರಿಗೂ ಮಜ್ಜಿಗೆ ಬಡಿಸಿದಳು. ಚೆನ್ನಾಜಿಯ ಲೋಟಕ್ಕೆ ಮೊದಲು ಅರ್ಧ ಗಂಜಿ ಹಾಕಿ, ಮೇಲೆ ಮಜ್ಜಿಗೆ ಸುರಿದಳು.

ಚೆನ್ನಾಜಿ ಕುಡಿದು ತುಟಿ ಒರೆಸಿಕೊಂಡಳು.

"ಇವತ್ತು ಮಜ್ಜಿಗೆ ಗಟ್ಟಿಯಾಗಿದೆ. ಚೆನ್ನಾಗಿದೆ ಅಕ್ಕಾ."

"ಇನ್ನೊಂದು ಲೋಟ ಕೊಡಲಾ?" ಎಂದಳು ದಾಕ್ಷಾಯಣಿ.

ದಿನವೂ ಹಾಗೇ ನಡೆಯಿತು.

ಸೋಮವಾರ ಬಂತು. ಚೆನ್ನಾಜಿಯ ಮುಳ್ಳು ಇಳಿಯಲಿಲ್ಲ. ಮತ್ತೊಂದು ಸೋಮವಾರಕ್ಕೆ ತುಸು ಮೇಲೇರಿತು. ದಾಕ್ಷಾಯಣಿಯ ಮುಳ್ಳೂ ಇದ್ದಲ್ಲೇ ಇತ್ತು. ಆದರೂ ಆ ಎರಡು ರಾತ್ರಿ ಅವಳಿಗೆ ಒಳ್ಳೆಯ ನಿದ್ದೆ ಬಂತು.

ಮೂರನೆಯ ವಾರ ಚೆನ್ನಾಜಿ ಕುಂಟುತ್ತ ಹಜಾರಕ್ಕೆ ಬಂದಳು. ಹುಣ್ಣು ಬಾಯಿ ತೆರೆದಿತ್ತು. ಪಾದ ಕೆಂಪಗೆ ಊದಿಕೊಂಡಿತ್ತು. ಕೈಬೆರಳು ಚುಚ್ಚಿ ರಕ್ತ ನೋಡಿದರೆ ಸಕ್ಕರೆ ಏರಿತ್ತು.

"ಹೊರಗಡೆ ಏನಾದ್ರೂ ತಿಂದೆಯಾ?" ಎಂದು ಕೇಳಿದರು ನಿಜಗುಣಮ್ಮ.

"ಇಲ್ಲ ಅಮ್ಮಾ."

ಹಿಂದೆ ಕೂತವರು ಪಿಸುಗುಟ್ಟಿದರು. "ಕದ್ದು ತಿನ್ನೋರು ತಿಂದೆ ಅಂತಾರಾ?"

ಚೆನ್ನಾಜಿಯ ಮುಖ ಬಾಡಿತು. ದಾಕ್ಷಾಯಣಿ ಮಜ್ಜಿಗೆಯ ಪಾತ್ರೆ ಹಿಡಿದು ನಿಂತಿದ್ದಳು.

ಮಧ್ಯಾಹ್ನ ಚೆನ್ನಾಜಿ ತಟ್ಟೆಯನ್ನು ಮುಟ್ಟಲಿಲ್ಲ. ದಾಕ್ಷಾಯಣಿಯನ್ನು ಹತ್ತಿರ ಕರೆದಳು.

"ಅಕ್ಕಾ, ನಾನೇ ಎಲ್ಲೋ ತಪ್ಪಿದೀನಿ. ಗೊತ್ತಿಲ್ದೆ ಏನೋ ತಿಂದಿದೀನಿ. ನನ್ನ ಬಾಯಿ ಮೇಲೆ ನನಗೇ ನಂಬಿಕೆ ಹೋಯ್ತು. ಇನ್ಮೇಲೆ ನೀವು ಕೊಟ್ಟಿದ್ದು ಬಿಟ್ಟು ಬೇರೇನೂ ತಿನ್ನಲ್ಲ. ನನ್ನ ತಟ್ಟೆ ನೀವೇ ನೋಡ್ಕೊಳ್ಳಿ."

ದಾಕ್ಷಾಯಣಿ ಹಿತ್ತಲಿಗೆ ಹೋದಳು. ಪಾತ್ರೆಯ ಗಂಜಿಯನ್ನೆಲ್ಲ ಹಸುಗಳ ಮುಂದೆ ಸುರಿದಳು. ಕೈ ತೊಳೆದುಕೊಂಡು ನೇರ ಗುರುವಿನ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದಳು.

"ಅಮ್ಮಾ, ನನ್ನನ್ನ ಹೊರಗೆ ಹಾಕಿ."

"ಮೊದಲು ಗಾಡಿ ತರಿಸು. ಅವಳನ್ನ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು."

"ತರಿಸ್ತೀನಿ. ಆಮೇಲೆ?"

"ಗಾಡಿ ಬರೋದರೊಳಗೆ ಅವಳಿಗೆ ಹೇಳು."

"ನೀವು ಹೇಳಿ ಅಮ್ಮಾ. ನನ್ನಿಂದ ಆಗಲ್ಲ. ಅವಳು ನನ್ನ ಮುಖ ನೋಡಲ್ಲ ಇನ್ನು."

"ನೋಡದೇ ಇರಬಹುದು. ಆದ್ರೆ ತಪ್ಪು ತನ್ನದು ಅಂತ ಅವಳು ನುಂಗ್ತಾ ಇದಾಳೆ. ಅದನ್ನೂ ನೀನೇ ಬಡಿಸಿದ್ದು."

ದಾಕ್ಷಾಯಣಿ ಏಳಲು ಹೋದಳು. ನಿಜಗುಣಮ್ಮ ಅವಳ ಕೈ ಹಿಡಿದು ನಿಲ್ಲಿಸಿದರು.

"ನನ್ನದೂ ಒಂದು ಪಾಲಿದೆ. ಎಲ್ಲರ ಮುಂದೆ ನಿನ್ನನ್ನ ಹೊಗಳಿ ಹೊಗಳಿ ನಾನೇ ಕೊಬ್ಬಿಸಿದೆ. ಹೊಟ್ಟೆಗೆ ಅನ್ನ ಬೇಡ ಅಂದೆ, ಕಿಚ್ಚು ಬೇಡ ಅನ್ನೋದು ಮರೆತೆ. ಹೋಗು."

ಚೆನ್ನಾಜಿ ಗೋಡೆಗೆ ಒರಗಿ, ಕಾಲನ್ನು ದಿಂಬಿನ ಮೇಲಿಟ್ಟುಕೊಂಡು ಕೂತಿದ್ದಳು.

ದಾಕ್ಷಾಯಣಿ ನಿಂತೇ ಹೇಳಿದಳು. ಕೂರುವ ಧೈರ್ಯ ಬರಲಿಲ್ಲ.

"ಮಜ್ಜಿಗೆಗೆ ನಾನು ಗಂಜಿ ಬೆರೆಸ್ತಿದ್ದೆ. ದಿನಾ. ನೀನು ಏನೂ ತಪ್ಪು ಮಾಡಿಲ್ಲ."

ಚೆನ್ನಾಜಿಗೆ ಮೊದಲು ಅರ್ಥವಾಗಲಿಲ್ಲ.

"ಯಾಕೆ?"

"ನೀನು ಇಳೀತಿದ್ದೆ. ನಾನು ಇಳೀತಿರಲಿಲ್ಲ."

"ಅಷ್ಟಕ್ಕಾ?"

"ಅಷ್ಟಕ್ಕೇ."

ಚೆನ್ನಾಜಿ ತನ್ನ ಕಾಲನ್ನು ನೋಡಿದಳು. ಆಮೇಲೆ ದಾಕ್ಷಾಯಣಿಯನ್ನು ನೋಡಿದಳು. ಅವಳ ಕಣ್ಣಲ್ಲಿ ನೀರಿರಲಿಲ್ಲ.

"ಅಕ್ಕಾ ಅಂತ ಕರೀತಿದ್ದೆ ನಿಮ್ಮನ್ನ," ಎಂದಳು. "ಹೋಗಿ. ನನ್ನ ಕಣ್ಣೆದುರಿಗೆ ಬರಬೇಡಿ."

ಪೇಟೆಯ ಆಸ್ಪತ್ರೆಯಲ್ಲಿ ಕಿರುಬೆರಳನ್ನು ತೆಗೆದರು. ಪಾದ ಉಳಿಯಿತು.

ಚೆನ್ನಾಜಿ ಮರಳಿ ಆಶ್ರಮಕ್ಕೇ ಬಂದಳು. ತವರಿನವರು ಕರೆದರೂ ಹೋಗಲಿಲ್ಲ. "ಗುಣವಾಗೋಕೆ ಬಂದೋಳು ನಾನು, ಗುಣವಾಗೇ ಹೋಗ್ತೀನಿ" ಎಂದಳಂತೆ.

ಅವಳಿಲ್ಲದ ದಿನಗಳಲ್ಲಿ ನಿಜಗುಣಮ್ಮ ಎರಡು ಕೆಲಸ ಮಾಡಿದ್ದರು. ಹಜಾರದ ತಕ್ಕಡಿಯನ್ನು ತಾವೇ ಎಳೆದುಕೊಂಡು ಹೋಗಿ ಒಳಕೋಣೆಯಲ್ಲಿಟ್ಟು ಬಾಗಿಲಿಗೆ ಪರದೆ ಕಟ್ಟಿಸಿದ್ದರು. ಇನ್ನು ತೂಕ ನೋಡುವವರು ಒಬ್ಬೊಬ್ಬರೇ ಹೋಗಿ ನೋಡಬೇಕು. ಮತ್ತೆ, ಹೊಸಬರು ಬಂದರೆ ಯಾರ ಕಡೆಗೂ ಕೈ ತೋರಿಸುತ್ತಿರಲಿಲ್ಲ.

ದಾಕ್ಷಾಯಣಿ ಅಡುಗೆಮನೆ ಬಿಟ್ಟಿದ್ದಳು.

"ನನಗೆ ಅವಳ ಕಾಲು ತೊಳೆಯೋ ಕೆಲಸ ಕೊಡಿ ಅಮ್ಮಾ," ಎಂದು ಕೇಳಿದಳು.

"ಅವಳು ಬೇಡ ಅಂದಿದಾಳೆ."

"ಕ್ಷಮೆ ಕೇಳೋದು ಹೇಗೆ ಮತ್ತೆ?"

"ಅವಳಿಗೆ ಬೇಡದ್ದನ್ನ ಮತ್ತೆ ಅವಳ ಲೋಟಕ್ಕೆ ಹಾಕ್ತೀಯಾ?"

ದಾಕ್ಷಾಯಣಿ ತಲೆ ತಗ್ಗಿಸಿದಳು.

"ಗಾಯಕ್ಕೆ ಕಟ್ಟಿದ ಪಟ್ಟಿಗಳಿವೆ," ಎಂದರು ನಿಜಗುಣಮ್ಮ. "ಕುದಿಸಿ, ಒಗೆದು, ಒಣಗಿಸಿಡು. ಬಾಗಿಲ ಹೊರಗಿಟ್ಟು ಬಾ. ಯಾರು ಒಗೆದದ್ದು ಅಂತ ಹೇಳಬೇಡ."

ದಾಕ್ಷಾಯಣಿ ಪಟ್ಟಿಗಳನ್ನು ಕುದಿಸಿದಳು. ಹೊಳೆಯಲ್ಲಿ ಒಗೆದಳು. ಬಂಡೆಯ ಮೇಲೆ ಬಿಸಿಲಿಗೆ ಹರವಿದಳು. ಮೊದಮೊದಲು ರಕ್ತದ ಕಲೆ, ಕೀವಿನ ವಾಸನೆ ಇರುತ್ತಿತ್ತು. ಬರಬರುತ್ತಾ ಕಲೆ ಸಣ್ಣದಾಯಿತು. ಒಂದು ದಿನ ಪಟ್ಟಿ ಹೆಚ್ಚುಕಡಿಮೆ ಬೆಳ್ಳಗೇ ಬಂತು. ಅಂದು ಅವಳು ಬಂಡೆಯ ಮೇಲೆ ಕೂತು ಅತ್ತಳು.

ತಕ್ಕಡಿಯ ಕಡೆಗೆ ಅವಳು ಹೋಗಿರಲಿಲ್ಲ. ಹೋಗಬೇಕೆಂದು ಅನ್ನಿಸಿರಲಿಲ್ಲ. ರವಿಕೆ ತೋಳಿನಲ್ಲಿ ಸಡಿಲವಾದದ್ದನ್ನು ಬೇರೆಯವರು ಹೇಳಿದಾಗ ಒಮ್ಮೆ ಒಳಕೋಣೆಗೆ ಹೋಗಿ ನಿಂತಳು.

ಮೂರು ಕಿಲೊ ಇಳಿದಿತ್ತು.

ಅವಳು ಸುಮ್ಮನೆ ಮುಳ್ಳನ್ನು ನೋಡಿದಳು. ಇದಕ್ಕಾಗಿ ಒಬ್ಬಳ ಬೆರಳು ಹೋಯಿತು ಎಂದುಕೊಂಡಳು. ಇಳಿದು, ಪರದೆ ಸರಿಸಿ ಹೊರಗೆ ಬಂದಳು.

ಹೊರಗೆ ಚೆನ್ನಾಜಿ ನಿಂತಿದ್ದಳು.

ಇಬ್ಬರೂ ಅಷ್ಟು ಹತ್ತಿರ ಎದುರಾಗಿ ಬಹಳ ಕಾಲವಾಗಿತ್ತು. ದಾಕ್ಷಾಯಣಿ ಗೋಡೆಗೆ ಸರಿದು ದಾರಿ ಬಿಟ್ಟಳು. ಚೆನ್ನಾಜಿ ಒಳಗೆ ಹೋದಳು. ತಕ್ಕಡಿಯ ಮೇಲೆ ಕಾಲಿಟ್ಟಳು. ಕಿರುಬೆರಳಿಲ್ಲದ ಪಾದ ಹಿಡಿತ ಸಿಗದೆ ಜಾರಿತು. ಮತ್ತೊಮ್ಮೆ ಇಟ್ಟಳು. ಮತ್ತೆ ಓಲಾಡಿದಳು.

ಪರದೆಯ ಆಚೆಯಿಂದ ಅವಳ ದನಿ ಬಂತು.

"ಸ್ವಲ್ಪ ಬನ್ನಿ. ಹಿಡ್ಕೊಳ್ಳಿ."

ಅಕ್ಕ ಎನ್ನಲಿಲ್ಲ. ಆದರೆ ಕರೆದಳು.

ದಾಕ್ಷಾಯಣಿ ಓಡಿಹೋಗಿ ಮೊಣಕೈ ಹಿಡಿದಳು. ಚೆನ್ನಾಜಿ ಮೇಲೆ ಹತ್ತಿ ನೆಟ್ಟಗೆ ನಿಂತಳು. ಆಮೇಲೆ ದಾಕ್ಷಾಯಣಿ ಮೊಣಕೈ ಬಿಟ್ಟು, ಬಿದ್ದರೆ ಹಿಡಿಯುವಷ್ಟು ದೂರದಲ್ಲಿ ಕೈ ಇಟ್ಟುಕೊಂಡಳು.

ಮುಳ್ಳು ಓಡಿತು, ಹಿಂದೆ ಬಂತು, ನಿಂತಿತು. ದಾಕ್ಷಾಯಣಿ ನೋಡಬಾರದು ಎಂದುಕೊಂಡಳು. ಕಣ್ಣು ಹೋಗಿಯೇ ಹೋಯಿತು.

ಚೆನ್ನಾಜಿ ತುಂಬಾ ಇಳಿದಿದ್ದಳು. ದಾಕ್ಷಾಯಣಿಗಿಂತಲೂ ಕೆಳಗೆ.

ಚೆನ್ನಾಜಿಯ ಮುಖದಲ್ಲಿ ನಗು ಬಂತು. ಹಿಂದೆ ಊಟಕ್ಕೆ ಕೂತಾಗ ನಗುತ್ತಿದ್ದಳಲ್ಲ, ಅಂಥದೇ ನಗು. ದಾಕ್ಷಾಯಣಿ ಕೈ ಕೊಟ್ಟು ಅವಳನ್ನು ಇಳಿಸಿಕೊಂಡಳು. ಚೆನ್ನಾಜಿ ತಲೆಯಾಡಿಸಿ, ಗೋಡೆ ಹಿಡಿದು ನಡೆದುಹೋದಳು.

ದಾಕ್ಷಾಯಣಿ ನೇರ ಗುರುವಿನ ಬಳಿ ಹೋದಳು. ನಿಜಗುಣಮ್ಮ ತೋಟದಲ್ಲಿ ಬದನೆಗಿಡಕ್ಕೆ ಮಣ್ಣು ಏರಿಸುತ್ತಿದ್ದರು.

"ಅಮ್ಮಾ, ಅವಳು ನನ್ನನ್ನ ಕರೆದಳು."

"ಒಳ್ಳೆಯದು."

"ನನ್ನ ಮೂರು ಕಿಲೊನೂ ಹೋಗಿದೆ."

"ಹೂಂ."

ದಾಕ್ಷಾಯಣಿ ಎದೆಯ ಕೆಳಗೆ ಕೈಯಿಟ್ಟುಕೊಂಡು ಅಲ್ಲೇ ಮಣ್ಣಿನಲ್ಲಿ ಕೂತಳು.

"ಆದ್ರೂ ಅಮ್ಮಾ, ಅವಳ ತೂಕ ನೋಡಿದಾಗ ಇಲ್ಲಿ ಸುಟ್ಟಿತು. ಅದೇ ಜಾಗ. ಅದೇ ಉರಿ. ಅವಳ ಬೆರಳು ತಿಂದ ಮೇಲೂ ಅದಿನ್ನೂ ಇದೆ. ನಾನು ಇಷ್ಟು ದಿನ ಏನು ತೊಳೆದೆ ಹಾಗಾದ್ರೆ?"

ನಿಜಗುಣಮ್ಮ ಕೈಯ ಮಣ್ಣು ಕೊಡವಿಕೊಂಡರು.

"ಸುಟ್ಟಾಗ ಏನು ಮಾಡಿದೆ?"

"ಏನೂ ಮಾಡಲಿಲ್ಲ. ಅವಳು ಇಳಿಯೋವಾಗ ಕೈ ಕೊಟ್ಟೆ."

"ಗಟ್ಟಿಯಾಗಿ ಹಿಡಿದಿದ್ದೆಯಾ?"

"ಹಿಡಿದಿದ್ದೆ ಅಮ್ಮಾ. ಆದ್ರೆ ಉರಿ ಇತ್ತು. ಅದು ಎಂದು ಹೋಗುತ್ತೆ?"

"ಹೋಗುತ್ತೋ ಇಲ್ಲವೋ, ನನಗೆ ಗೊತ್ತಿಲ್ಲ," ಎಂದರು ನಿಜಗುಣಮ್ಮ. "ಇದ್ದರೆ ಇರಲಿ. ಅದಕ್ಕೆ ಉಣ್ಣೋಕೆ ಕೊಡಬೇಡ."