ಹಾಡಿಲ್ಲದಾಗಲೂ ಉರಿದ ವಾಲ್ವು

ಇಗರ್ಜಿಯ ಗಿಟಾರಿಗೆ ದನಿ ಕೊಡುವ ಹಳೆಯ ಆಂಪ್ಲಿಫೈಯರಿನಲ್ಲಿ ಬಲ್ಬಿನಂತೆ ಕಾಯುವ ಎರಡು ಗಾಜಿನ ವಾಲ್ವುಗಳು ಅಕ್ಕತಂಗಿಯರಂತೆ ಇದ್ದವು. ಅಕ್ಕ ಮಾತ್ರ ಹಾಡು ನಿಂತಾಗಲೂ ಕೆಂಪಗೆ ಕಾದಿರುತ್ತಿದ್ದಳು. ಅವಳಿಗೆ ಹರಿಯುವ ಕರೆಂಟನ್ನು ಹದದಲ್ಲಿಡುವ ಪುಟ್ಟ ತಿರುಪು ಒಂದು ಭಾನುವಾರ ಕೇಳಿತು, "ಅಕ್ಕಾ, ಪಾದ್ರಿಗಳು ಮೌನ ಪ್ರಾರ್ಥನೆಯಲ್ಲಿದ್ದಾರೆ. ನೀನು ಯಾರಿಗಾಗಿ ಉರಿಯುತ್ತಿದ್ದೀ?"

"ದೇವರಿಗಾಗಿ. ಸಾಕಾಗಿದೆ ತಮ್ಮಾ, ಆದರೆ ನಾನು ಕೊಂಚ ತಣಿದರೆ ಹಾಡು ಬಿದ್ದುಹೋದೀತು."

"ಹೀಗೇ ಉರಿದರೆ ಕ್ರಿಸ್ಮಸ್ಸಿಗೆ ನೀನೇ ಇರುವುದಿಲ್ಲ. ಪಕ್ಕದಲ್ಲಿ ತಂಗಿ ಇರುವುದು ಚೆಂದಕ್ಕೋ?"

"ಅವಳೋ? ಅರ್ಧ ಹೊತ್ತು ತೂಕಡಿಸುತ್ತಾಳೆ."

"ಆ ಅರ್ಧ ನಿನ್ನ ಪಾಳಿ. ಉಳಿದರ್ಧ ಅವಳದು. ಮಾಡಿದವನೇ ಹಾಗೆ ಹಂಚಿಕೊಟ್ಟಿದ್ದಾನೆ, ಅಕ್ಕಾ."

ಪೂಜೆ ಮುಗಿದ ಮೇಲೆ ರಿಪೇರಿಯ ಸಲ್ದಾನ ಬಂದು ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿದ. "ಪೂರ್ತಿ ಆರಬೇಡ ಮಾರಾಯ್ತಿ, ದನಿ ಒಡೆಯುತ್ತದೆ. ಬೆಚ್ಚಗಿದ್ದರೆ ಸಾಕು," ಎಂದು ಗೊಣಗಿದ. ಅಕ್ಕನ ಕೆಂಪು ಇಳಿಯಿತು.

ಮುಂದಿನ ಸ್ತುತಿಗೀತೆಯಲ್ಲಿ ತನ್ನ ಪಾಳಿ ಮುಗಿದಾಗ ಅಕ್ಕ ಹೆದರಿದಳು. ಹಾಡು ಬೀಳಲಿಲ್ಲ, ತಂಗಿ ಎತ್ತಿಕೊಂಡಳು. ಇಷ್ಟು ವರ್ಷ ದೇವರಿಗಾಗಿ ಹಾಡಿ ದಣಿದವಳು, ಆತನ ದಯೆ, ಅಂದು ಮೊದಲ ಬಾರಿಗೆ ಹಾಡನ್ನು ಕೇಳಿದಳು.