ತಪ್ಪೇ ಇಲ್ಲದ ಹೊಲ

ಒಂದಾನೊಂದು ಕಾಲದಲ್ಲಿ, ಏಳು ಸಮುದ್ರದಾಚೆ ಅಮೆರಿಕಾ ಅನ್ನೋ ದೇಶದಲ್ಲಿ, ಕಣ್ಣು ಹಾಯಿಸಿದಷ್ಟೂ ಗೋಧಿ ಹೊಲಾನೇ ಇರೋ ಒಂದು ಊರಿತ್ತಂತೆ. ಕಾಲು ಒದೀಬೇಡ, ಹೊದ್ಕೊಂಡು ಕೇಳು. ಮನೆಯಿಂದ ಮನೆಗೆ ಹರದಾರಿ ದೂರ, ಕಷ್ಟ ಅಂತ ಕೂಗಿದ್ರೆ ಕಾಗೇನೂ ಬರ್ತಿರ್ಲಿಲ್ವಂತೆ. ಅದಕ್ಕೆ ರೈತರೆಲ್ಲ ಸೇರಿ ಒಂದು ಸಂಘ ಕಟ್ಟಿದ್ರಂತೆ, ಅದರಲ್ಲಿ ಗಂಡಸರ ಸಮಕ್ಕೆ ಹೆಂಗಸರೂ ಮಾತಾಡಬಹುದಿತ್ತಂತೆ.

ಸಂಘದ ಪದ್ಧತಿ ಏನಪ್ಪಾ ಅಂದ್ರೆ, ತಿಂಗಳಿಗೊಬ್ಬರ ಮನೇಲಿ ಸೇರೋದು, ಹೊಲ ಮನೆ ಎಲ್ಲ ಸುತ್ತಿ ತಪ್ಪು ಹುಡುಕೋದು, ಯಜಮಾನ ಬಾಯಿ ಮುಚ್ಕೊಂಡು ಕೇಳೋದು, ಆಮೇಲೆ ಎಲ್ಲರೂ ಕೈಹಾಕಿ ಆ ತಪ್ಪು ಸರಿಮಾಡಿ ಊಟಕ್ಕೆ ಕೂರೋದು.

ಅಲ್ಲಿ ಓರಿನ್ ಅಂತ ಒಬ್ಬ ಇದ್ದನಂತೆ. ತನ್ನೆಲೇಲಿ ಹೆಗ್ಗಣ ಸತ್ತು ಬಿದ್ದಿದ್ರೂ ಪಕ್ಕದೆಲೆ ನೊಣ ತೋರಿಸೋ ಪೈಕಿ. ಮೊದಲನೇ ತಿಂಗಳು ಆಮೊಸ ಅನ್ನೋ ರೈತನ ಬೇಲಿ ವಾಲಿದೆ ಅಂದ. ಎರಡನೇ ತಿಂಗಳು ಲವೀನಿಯಾ ಅನ್ನೋ ಮುದುಕಿಯ ಹಂದಿ ಸೊರಗಿವೆ ಅಂದ. ಮೂರನೇ ತಿಂಗಳು ಅವನದೇ ಸರದಿ ಬಂತು ನೋಡು!

ಅವನ ಗೋಧಿ ಕೊಯ್ಲಿಗೆ ಬಂದಿತ್ತು, ಪಡುವಣದಲ್ಲಿ ಮೋಡ ಕಟ್ತಿತ್ತು, ಕೊಯ್ಯೋ ಯಂತ್ರ ನೋಡಿದ್ರೆ ಚಕ್ರ ಮುರ್ಕೊಂಡು ಕೂತಿತ್ತಂತೆ. ಗೋಧಿ ನೆನೆದ್ರೆ ಚಳಿಗಾಲಕ್ಕೆ ರೊಟ್ಟಿ ಇಲ್ಲ. ಹೆಂಡತಿ ಹುಲ್ಡಾ, ಸಂಘದವರಿಗೆ ತೋರಿಸೋಣ ಅಂದ್ಲು. ಮರ್ಯಾದೆ ಹೋಗುತ್ತೆ ಅಂತ ಈ ಪುಣ್ಯಾತ್ಮ ಮುರುಕು ಯಂತ್ರ, ತುಕ್ಕು ನೇಗಿಲು, ಕುಂಟು ಕತ್ತೆ ಮೂರನ್ನೂ ಹುಲ್ಲು ತುಂಬೋ ಕೊಟ್ಟಿಗೆಗೆ ನೂಕಿ, ಬಾಗಿಲಿಗೆ ಬೆನ್ನು ಕೊಟ್ಟು ನಿಂತನಂತೆ.

ಸಂಘದವರು ಬಂದ್ರು, ಸುತ್ತಿದ್ರು, ತಪ್ಪೇ ಸಿಗ್ಲಿಲ್ಲ. ಇವನಿಗೆ ನಮ್ಮ ಸಹಾಯ ಏನೂ ಬೇಡ, ಮಳೆ ಬರೋಕೆ ಮುಂಚೆ ಉಂಡು ಹೊರಡೋಣ ಅಂದ್ರಂತೆ. ಓರಿನ್ ಮುಖ ಹುಳ್ಳಗಾಯ್ತು. ಹೇಳೋ ಹಾಗಿಲ್ಲ, ಬಿಡೋ ಹಾಗಿಲ್ಲ.

ಆಗ ಹುಲ್ಡಾ ಸೌಟು ಕೆಳಗಿಟ್ಟು ಎದ್ದು ನಿಂತ್ಲಂತೆ. "ನಾನೂ ಸಂಘದವಳೇ. ನನಗೊಂದು ತಪ್ಪು ಕಂಡಿದೆ. ಆ ಬಾಗಿಲಿಗೆ ಒಬ್ಬ ಗಂಡಸು ಅಂಟ್ಕೊಂಡಿದ್ದಾನೆ, ಬಿಡಿಸಿ."

ಎಲ್ಲರೂ ಸೇರಿ ಅವನನ್ನ ಎಳೆದ್ರಂತೆ. ಬಾಗಿಲು ತೆರೀತು, ಮೊದಲು ಕತ್ತೇನೇ ಬಂತು. ಲವೀನಿಯಾ ನಕ್ಕೂ ನಕ್ಕೂ ನೆಲಕ್ಕೆ ಕೂತ್ಲಂತೆ. ಆಮೇಲೆ ಆಮೊಸ ಚಕ್ರ ಕಟ್ಟಿದ, ಲವೀನಿಯಾ ತನ್ನ ಕುದುರೆ ಹೂಡಿದ್ಲು, ಮಿಕ್ಕವರು ಕುಡುಗೋಲು ಹಿಡಿದ್ರು. ಕೊನೇ ಹೊರೆ ಒಳಗೆ ಬಿತ್ತು, ಹೊರಗೆ ಮಳೆ ಬಿತ್ತು.

ಅವತ್ತಿಂದ ಸಂಘ ಬಂದಾಗೆಲ್ಲ ಓರಿನ್ ಗೇಟಲ್ಲೇ ನಿಂತು ತನ್ನ ತಪ್ಪು ತಾನೇ ಹೇಳೋನಂತೆ, ಸಾರು ಆರಿಹೋದ್ರೂ ಮುಗೀತಿರ್ಲಿಲ್ವಂತೆ. ಗಂಡ ಹೆಂಡತಿ ಹೊಟ್ಟೆತುಂಬ ರೊಟ್ಟಿ ತಿಂದ್ಕೊಂಡು ಸುಖವಾಗಿದ್ರಂತೆ. ಅವರ ಗೋಧಿ ಮನೆ ಸೇರ್ತು, ನನ್ನ ಕತೆ ಮುಗೀತು. ಈಗ ನಿನ್ನ ತಪ್ಪು ಹೇಳ್ಲಾ? ಕಣ್ಣು ಇನ್ನೂ ಬಿಟ್ಕೊಂಡೇ ಇದೀಯಲ್ಲೇ.